ನಕ್ಷೆಗೆ ಕಟ್ಟಡ ಸೇರಿಸುವ ಮುಂಚೆ ತ್ರೀಡಿಯಲ್ಲಿ ನೋಡಬೇಕಾ? ಯಾವ ಟೂಲ್ ಯಾರಿಗೆ ಸರಿ

ಮಡಿಕೇರಿಯಲ್ಲಿ ಸಪಾಟಾದ ಜಾಗ ಹುಡುಕಿಕೊಂಡು ಹೋಗಬೇಕು. ರಸ್ತೆ ಕಡೆಯಿಂದ ಒಂದೇ ಅಂತಸ್ತು ಅನ್ನಿಸುವ ಮನೆ, ಹಿಂದೆ ಇಳಿದು ನೋಡಿದರೆ ಮೂರು ಅಂತಸ್ತು ಇರುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಮಾತ್ರ ಆ ಮನೆ ಒಂದು ಚೌಕ, ಅಷ್ಟೇ.

ಚೌಕವಾಗಿಯೇ ಉಳಿಯಬೇಕು ಅಂತೇನಿಲ್ಲ. 2004ರಿಂದ ಜನರೇ ಸೇರಿ ಕಟ್ಟುತ್ತಾ ಬಂದಿರುವ ನಕ್ಷೆ ಇದು. ಖಾತೆ ತೆರೆದ ಯಾರು ಬೇಕಾದರೂ ಕಟ್ಟಡದ ಎತ್ತರ, ಅಂತಸ್ತು, ಛಾವಣಿಯ ಆಕಾರ, ಹೆಂಚಿನ ಬಣ್ಣ ಎಲ್ಲಾ ಸೇರಿಸಬಹುದು. ಅದನ್ನು ಹೇಗೆ ಬರೆಯಬೇಕು ಅನ್ನುವುದಕ್ಕೆ 2012ರಿಂದ ಒಂದು ಒಪ್ಪಿತ ಪದ್ಧತಿಯೂ ಇದೆ, ಸಿಂಪಲ್ ತ್ರೀಡಿ ಬಿಲ್ಡಿಂಗ್ಸ್ ಅಂತ ಅದರ ಹೆಸರು. ತೊಂದರೆ ಇರುವುದು ನೋಡುವುದರಲ್ಲಿ. ಬ್ರೌಸರ್‌ನಲ್ಲಿ ತೆರೆದುಕೊಳ್ಳುವ ಐಡಿ ಎಡಿಟರ್ ಎಲ್ಲವನ್ನೂ ಮೇಲಿಂದಲೇ ತೋರಿಸುತ್ತದೆ. ಎತ್ತರ 9 ಮೀಟರ್ ಅಂತ ಹಾಕುವ ಬದಲು 90 ಅಂತ ಒತ್ತಿದರೂ ನಿಮಗೆ ಕಾಣುವುದು ಅದೇ ಚೌಕ. ಸೇವ್ ಒತ್ತಿದ ಕೂಡಲೇ ಅದು ಇಡೀ ಪ್ರಪಂಚದ ನಕ್ಷೆಗೆ ಸೇರಿಕೊಂಡಿರುತ್ತದೆ.

ತ್ರೀಡಿಯಲ್ಲಿ ತೋರಿಸುವ ಟೂಲ್‌ಗಳು ಸಾಕಷ್ಟಿವೆ. ಅವುಗಳಲ್ಲಿ ಯಾವುದು ಚೆಂದ ಕಾಣುತ್ತದೆ ಅಂತ ಹೋಲಿಸುತ್ತಾ ಕೂತರೆ ಮುಖ್ಯ ವಿಷಯ ತಪ್ಪಿಹೋಗುತ್ತದೆ. ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನೀವು ಇನ್ನೂ ಅಪ್‌ಲೋಡ್ ಮಾಡದ ತಿದ್ದುಪಡಿಯನ್ನು ಅದು ತೋರಿಸುತ್ತಾ, ಇಲ್ಲಾ ಅಪ್‌ಲೋಡ್ ಆದಮೇಲೆ ಮಾತ್ರ ತೋರಿಸುತ್ತಾ? ನನ್ನ ಪ್ರಕಾರ ಮುಂಚೆ ತೋರಿಸುವುದು ಮಾತ್ರ ನಿಜವಾದ ಪ್ರಿವ್ಯೂ. ನಂತರ ತೋರಿಸುವುದು ಬರೀ ಪರಿಶೀಲನೆ. ಎರಡೂ ಬೇಕು, ಆದರೆ ಒಂದರ ಕೆಲಸ ಇನ್ನೊಂದು ಮಾಡಲ್ಲ.

ಒಂದು ಮಾತು: ಕೆಳಗೆ ಟ್ಯಾಗ್‌ಗಳ (ಕಟ್ಟಡದ ಒಂದೊಂದು ವಿವರ ಬರೆಯಲು ಬಳಸುವ ಗುರುತುಪದಗಳು) ಹೆಸರನ್ನು ಓದಲು ಸುಲಭ ಆಗಲಿ ಅಂತ ಕನ್ನಡದಲ್ಲಿ ಬರೆದಿದ್ದೇನೆ. ನಕ್ಷೆಯಲ್ಲಿ ಹಾಕುವಾಗ ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು.

ಅಪ್‌ಲೋಡ್ ಮಾಡುವ ಮುಂಚೆ ನೋಡಲು

ಇಲ್ಲಿ ನನ್ನ ಮೊದಲ ಆಯ್ಕೆ ಜೆಓಎಸ್‌ಎಂ, ಅದಕ್ಕೊಂದು ತ್ರೀಡಿ ಪ್ಲಗಿನ್ (ಜೊತೆಗೆ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂ). ಜೆಓಎಸ್‌ಎಂ ಅಂದರೆ ಕಂಪ್ಯೂಟರ್‌ನಲ್ಲಿ ಹಾಕಿಕೊಳ್ಳುವ ಎಡಿಟರ್, ಜಾವಾದಲ್ಲಿ ಓಡುತ್ತದೆ, ದುಡ್ಡು ಕೊಡಬೇಕಿಲ್ಲ. ಬೇಕಾದಷ್ಟು ಜಾಗದ ಡೇಟಾ ಇಳಿಸಿಕೊಂಡರೆ ಆಮೇಲೆ ನೆಟ್ ಇಲ್ಲದೆಯೇ ತಿದ್ದಬಹುದು. ಕೊಡಗಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಜೂನ್‌ನಿಂದ ಮೂರು ತಿಂಗಳು ಗಾಳಿ ಮಳೆಗೆ ಲೈನ್ ಮೇಲೆ ಮರ ಬಿದ್ದು ಕರೆಂಟು ಹೋಗುತ್ತದೆ, ಹಿಂದೆಯೇ ಟವರ್ ಕೂಡ ಹೋಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿ ಇದ್ದಷ್ಟು ಹೊತ್ತು ಕೆಲಸ ಮಾಡಿ, ಫೈಲ್ ಸೇವ್ ಮಾಡಿ ಇಟ್ಟುಕೊಂಡು, ನೆಟ್ ಬಂದಾಗ ಕಳಿಸಿದರೆ ಆಯಿತು.

ಪ್ಲಗಿನ್‌ಗಳಲ್ಲಿ ಹಳೆಯದು ಕೆಂಡ್ಜಿ ತ್ರೀಡಿ. ಪಕ್ಕದಲ್ಲೇ ಒಂದು ಕಿಟಕಿ ತೆರೆದುಕೊಳ್ಳುತ್ತದೆ. ನೀವು ಈಗ ತಿದ್ದುತ್ತಿರುವ ಕಟ್ಟಡವನ್ನೇ ಅಲ್ಲಿ ಎಬ್ಬಿಸಿ ತೋರಿಸುತ್ತದೆ. ಛಾವಣಿ ಆಕಾರಗಳನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತದೆ. ಆದರೆ ವಯಸ್ಸಾದ ಪ್ಲಗಿನ್, ಹೊಸ ಜಾವಾ ಜೊತೆ ಕೆಲವು ಕಂಪ್ಯೂಟರ್‌ಗಳಲ್ಲಿ ತೆರೆದುಕೊಳ್ಳುವುದೇ ಇಲ್ಲ. ಹಾಗಾದರೆ ಅದರ ಜೊತೆ ಗುದ್ದಾಡುತ್ತಾ ಕೂರಬೇಡಿ, ಅರ್ಬನ್ ಐ ತ್ರೀಡಿ ಅಂತ ಹೊಸ ಪ್ಲಗಿನ್ ಬಂದಿದೆ, ಅದೂ ಇದೇ ಕೆಲಸಕ್ಕೆ ಇರುವುದು. ಹೊಸದಾಗಿ ಶುರು ಮಾಡುವವರು ಸೀದಾ ಅದರಿಂದಲೇ ಶುರು ಮಾಡಬಹುದು.

ಪ್ಲಗಿನ್ ಯಾಕೆ ಅಷ್ಟು ಮುಖ್ಯ ಅಂತ ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನ ನೋಡಿದರೆ ಗೊತ್ತಾಗುತ್ತದೆ. 1820ರಲ್ಲಿ ಕೊಡಗಿನ ರಾಜ ಲಿಂಗರಾಜೇಂದ್ರ ಕಟ್ಟಿಸಿದ್ದು. ನಡುವೆ ದೊಡ್ಡ ಗುಮ್ಮಟ, ನಾಲ್ಕು ಮೂಲೆಗೂ ಮಿನಾರಿನಂಥ ಗೋಪುರ, ಮುಂದೆ ಕೆರೆ, ಕೆರೆ ನಡುವೆ ಮಂಟಪ. ಮೇಲಿಂದ ನೋಡಿದರೆ ಚೌಕದೊಳಗೆ ಒಂದು ದೊಡ್ಡ ವೃತ್ತ, ಮೂಲೆಗೊಂದು ಸಣ್ಣ ವೃತ್ತ. ಇದನ್ನು ನಕ್ಷೆಗೆ ಹಾಕುವವರು ಸಾಮಾನ್ಯವಾಗಿ ಹೊರಗಿನ ಚೌಕಕ್ಕೆ ಬಿಲ್ಡಿಂಗ್ ಅಂತ ಟ್ಯಾಗ್ ಕೊಟ್ಟು, ಗುಮ್ಮಟದ ವೃತ್ತಕ್ಕೆ ಬಿಲ್ಡಿಂಗ್:ಪಾರ್ಟ್ (ಕಟ್ಟಡದ ಒಂದು ಭಾಗ) ಅಂತ ಕೊಟ್ಟು, ಅದು ಎಷ್ಟು ಎತ್ತರದಿಂದ ಶುರುವಾಗುತ್ತದೆ ಅಂತ ಹಾಕಿ, ರೂಫ್:ಶೇಪ್ (ಛಾವಣಿಯ ಆಕಾರ) ಜಾಗದಲ್ಲಿ ಡೋಮ್ (ಗುಮ್ಮಟ) ಅಂತ ಬರೆದು, ಮುಗಿಯಿತು ಅಂದುಕೊಳ್ಳುತ್ತಾರೆ. ಐಡಿಯಲ್ಲಿ ನೋಡಿದರೆ ಎಲ್ಲಾ ಸರಿಯಾಗಿಯೇ ಕಾಣುತ್ತದೆ. ತ್ರೀಡಿಯಲ್ಲಿ ನೋಡಿದರೆ ದೇವಸ್ಥಾನವೇ ಇಲ್ಲ, ಗುಮ್ಮಟ ಮಾತ್ರ ಗಾಳಿಯಲ್ಲಿ ನೇತಾಡುತ್ತಿರುತ್ತದೆ!

ಕಾರಣ ಸರಳ. ಪದ್ಧತಿಯ ಪ್ರಕಾರ ಒಂದು ಕಟ್ಟಡದೊಳಗೆ ಬಿಲ್ಡಿಂಗ್:ಪಾರ್ಟ್ ಒಂದೇ ಒಂದು ಬಂದರೂ ಸಾಕು, ತ್ರೀಡಿ ಟೂಲ್‌ಗಳು ಹೊರಗಿನ ಗೆರೆಯನ್ನು ಎಬ್ಬಿಸುವುದನ್ನು ಬಿಟ್ಟುಬಿಡುತ್ತವೆ, ಪಾರ್ಟ್‌ಗಳನ್ನಷ್ಟೇ ಎಬ್ಬಿಸುತ್ತವೆ. ಅಂದರೆ ಪಾರ್ಟ್‌ಗಳೇ ಸೇರಿ ಇಡೀ ಕಟ್ಟಡವನ್ನು ತುಂಬಬೇಕು. ಗುಮ್ಮಟದ ಕೆಳಗಿನ ಚೌಕದ ಮೈಗೂ ಒಂದು ಪಾರ್ಟ್ ಬೇಕು, ಮೂಲೆಯ ಗೋಪುರಗಳಿಗೂ ಒಂದೊಂದು ಬೇಕು.

ಎತ್ತರದ ಲೆಕ್ಕದಲ್ಲೂ ಇಂಥದ್ದೇ ಒಂದು ಗೊಂದಲ ಇದೆ. ಹೈಟ್ ಅಂದರೆ ಯಾವಾಗಲೂ ನೆಲದಿಂದ ತುದಿವರೆಗೆ, ಛಾವಣಿಯೂ ಸೇರಿ. ಆ ಪಾರ್ಟ್ ಎಲ್ಲಿಂದ ಶುರುವಾಗುತ್ತದೋ ಅಲ್ಲಿಂದ ಅಲ್ಲ. ಉದಾಹರಣೆಗೆ ಮೈಯ ಎತ್ತರ 7 ಮೀಟರ್, ಅದರ ಮೇಲೆ 5 ಮೀಟರ್ ಗುಮ್ಮಟ ಅಂತ ಇಟ್ಟುಕೊಳ್ಳಿ (ಇದು ಓಂಕಾರೇಶ್ವರದ ಅಳತೆ ಅಲ್ಲ, ಲೆಕ್ಕಕ್ಕೆ ಅಷ್ಟೇ). ಗುಮ್ಮಟದ ಪಾರ್ಟ್‌ಗೆ ಮಿನ್_ಹೈಟ್ (ಶುರುವಾಗುವ ಎತ್ತರ) 7, ಹೈಟ್ 12, ರೂಫ್:ಹೈಟ್ (ಛಾವಣಿಯದಷ್ಟೇ ಎತ್ತರ) 5. ಹೈಟ್ ಜಾಗದಲ್ಲಿ 5 ಅಂತ ಹಾಕಿದರೆ ತುದಿ ಬುಡಕ್ಕಿಂತ ಕೆಳಗೆ ಬರುತ್ತದೆ, ಆಗ ಕೆಲವು ಟೂಲ್‌ಗಳು ಆ ತುಂಡನ್ನೇ ತೋರಿಸಲ್ಲ, ಕೆಲವು ತಲೆಕೆಳಗು ಮಾಡುತ್ತವೆ. ಇದೆಲ್ಲಾ ಪ್ಲಗಿನ್‌ನ ಕಿಟಕಿಯಲ್ಲಿ ಒಂದು ನೋಟಕ್ಕೆ ಸಿಕ್ಕಿಬೀಳುತ್ತದೆ. ಮಡಿಕೇರಿಯ ಗದ್ದುಗೆಯಲ್ಲಿರುವ ರಾಜರ ಸಮಾಧಿಗಳಿಗೂ ಗುಮ್ಮಟ ಇರುವುದರಿಂದ ಅಲ್ಲಿಯೂ ಇದೇ ಲೆಕ್ಕ.

ಎರಡನೇ ಆಯ್ಕೆ ರಾಪಿಡ್. ಇದು ಬ್ರೌಸರ್‌ನಲ್ಲೇ ಓಡುವ ಎಡಿಟರ್, ಐಡಿಯ ಮೇಲೆ ಕಟ್ಟಿದ್ದು, ಹಾಗಾಗಿ ಐಡಿ ಗೊತ್ತಿದ್ದವರಿಗೆ ಏನೂ ಹೊಸದಾಗಿ ಕಲಿಯಬೇಕಿಲ್ಲ. ಇದರಲ್ಲೊಂದು ತ್ರೀಡಿ ಕಿಟಕಿ ಇದೆ, ನೀವು ಅಂತಸ್ತು ಬದಲಾಯಿಸಿದಂತೆ ಕಟ್ಟಡ ಅಲ್ಲೇ ಏರಿ ಇಳಿಯುತ್ತದೆ. ಅಪ್‌ಲೋಡ್ ಮಾಡುವ ಮುಂಚೆಯೇ ಕಾಣುವುದರಿಂದ ಇದು ನಿಜವಾದ ಪ್ರಿವ್ಯೂ. ಆದರೆ ಅದು ಕಟ್ಟಡವನ್ನು ಪೆಟ್ಟಿಗೆಯಂತೆ ಎಬ್ಬಿಸುತ್ತದೆ, ಇಳಿಜಾರು ಛಾವಣಿ ತೋರಿಸಲ್ಲ. ಕೊಡಗಿನ ಮಳೆಗೆ ಸಪಾಟು ಛಾವಣಿ ಇರುವ ಮನೆಗೂ ಮೇಲೆ ಶೀಟು ಹಾಕಿಸುತ್ತಾರೆ. ಹಾಗಿರುವಾಗ ಛಾವಣಿಯೇ ಕಾಣದ ಪ್ರಿವ್ಯೂ ಇಲ್ಲಿ ಅರ್ಧ ಕೆಲಸ ಮಾತ್ರ ಮಾಡುತ್ತದೆ. ಗೋಣಿಕೊಪ್ಪ, ಕುಶಾಲನಗರದ ಪೇಟೆ ಬೀದಿಯ ಅಂಗಡಿ ಸಾಲುಗಳಿಗೆ, ಅಂದರೆ ಅಂತಸ್ತು ಎಷ್ಟು ಅಂತ ಹಾಕಿದರೆ ಸಾಕು ಅನ್ನುವ ಕಡೆ, ರಾಪಿಡ್ ಸಾಕು, ಬೇಗ ಮುಗಿಯುತ್ತದೆ. ಕೃತಕ ಬುದ್ಧಿಮತ್ತೆ ಗುರುತಿಸಿದ ರಸ್ತೆ, ಕಟ್ಟಡಗಳನ್ನು ಇದು ತಾನಾಗಿಯೇ ಸೂಚಿಸುತ್ತದೆ. ಕಾಫಿ ತೋಟದ ನಡುವೆ ಅದನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳಬೇಡಿ, ಸಿಲ್ವರ್ ಓಕ್ ನೆರಳಲ್ಲಿ ಏನಿದೆ ಅಂತ ಉಪಗ್ರಹ ಚಿತ್ರಕ್ಕೆ ಕಾಣಲ್ಲ.

ಮೂರನೆಯದು ಓಎಸ್‌ಎಂ2ವರ್ಲ್ಡ್. ಇದು ಎಡಿಟರ್ ಅಲ್ಲ, ಡೇಟಾ ಫೈಲ್ ಕೊಟ್ಟರೆ ತ್ರೀಡಿ ಮಾದರಿ ಮಾಡಿಕೊಡುವ ಪ್ರೋಗ್ರಾಂ. ಜೆಓಎಸ್‌ಎಂನಲ್ಲಿ ಸೇವ್ ಮಾಡಿದ, ಇನ್ನೂ ಅಪ್‌ಲೋಡ್ ಆಗದ ಫೈಲನ್ನು ಇದರಲ್ಲಿ ತೆರೆಯಬಹುದು. ಕಟ್ಟಡ ಮಾತ್ರ ಅಲ್ಲ, ರಸ್ತೆ, ಮೆಟ್ಟಿಲು, ಬೇಲಿ, ಸೇತುವೆ, ಮರ ಎಲ್ಲವನ್ನೂ ಎಬ್ಬಿಸುತ್ತದೆ. ಎತ್ತರದ ಡೇಟಾ ಕೂಡ ಜೊತೆಗೆ ಕೊಡುವ ದಾರಿ ಇದೆ. ಮಾದರಿಯನ್ನು ಬೇರೆ ತ್ರೀಡಿ ಸಾಫ್ಟ್‌ವೇರ್ ತೆರೆಯುವಂಥ ಫೈಲ್ ಆಗಿ ಹೊರಗೂ ತೆಗೆಯಬಹುದು, ಶಾಲೆ ಮಕ್ಕಳಿಗೆ ತಮ್ಮ ಊರನ್ನೇ ತೋರಿಸಬೇಕು ಅನ್ನುವ ಮೇಷ್ಟ್ರುಗಳಿಗೆ ಇದು ತುಂಬಾ ಉಪಯೋಗ. ಕಷ್ಟ ಏನಂದರೆ ತಿದ್ದು, ಸೇವ್ ಮಾಡು, ಮತ್ತೆ ತೆರೆ, ಮತ್ತೆ ನೋಡು ಅಂತ ಓಡಾಡಬೇಕು. ದಿನನಿತ್ಯಕ್ಕಲ್ಲ, ದೊಡ್ಡ ಕೆಲಸದ ಕೊನೆಗೆ ಒಮ್ಮೆ ನೋಡಲು.

ಐನ್‌ಮನೆ ಹಾಕುವವರಿಗೆ ಬೇರೆಯೇ ಮಾತು

ಕೊಡಗಿನಲ್ಲಿ ಕೂತು ತ್ರೀಡಿ ಬಗ್ಗೆ ಬರೆಯುವಾಗ ಐನ್‌ಮನೆ (ಕೊಡವ ಕುಟುಂಬದ ಹಿರಿಯರ ಮೂಲ ಮನೆ) ಬಿಡಲು ಸಾಧ್ಯ ಇಲ್ಲ. ಒಂದೊಂದೇ ಬಿದ್ದುಹೋಗುತ್ತಿವೆ, ಕೆಲವನ್ನು ಕೆಡವಿ ಹೊಸದು ಕಟ್ಟುತ್ತಿದ್ದಾರೆ. ಇರುವಷ್ಟನ್ನು ಸರಿಯಾದ ಆಕಾರದಲ್ಲಿ ನಕ್ಷೆಗೆ ಸೇರಿಸಿದರೆ ಅದು ಸಣ್ಣ ದಾಖಲೆಯೇ.

ನಡುವೆ ಆಕಾಶಕ್ಕೆ ತೆರೆದ ಅಂಗಳ ಇರುವ ಐನ್‌ಮನೆಯನ್ನು ತೆಗೆದುಕೊಳ್ಳಿ. ಅಂಗಳದ ಸುತ್ತ ನಾಲ್ಕು ಕಡೆ ಹೆಂಚಿನ ಮಾಡು (ಛಾವಣಿ). ಒಳಗಿನ ಇಳಿಜಾರು ಅಂಗಳಕ್ಕೆ, ಹೊರಗಿನ ಇಳಿಜಾರು ಹೊರಕ್ಕೆ. ಇದನ್ನು ನಕ್ಷೆಗೆ ಹಾಕುವ ಸಾಮಾನ್ಯ ರೀತಿ ಮಲ್ಟಿಪಾಲಿಗನ್: ಹೊರಗಿನದು ಒಂದು ಗೆರೆ, ಅಂಗಳಕ್ಕೆ ಒಳಗೊಂದು ಗೆರೆ. ಅಲ್ಲಿವರೆಗೆ ಸರಿ. ಆದರೆ ಅದಕ್ಕೇ ರೂಫ್:ಶೇಪ್ ಹಿಪ್ಡ್ (ನಾಲ್ಕೂ ಕಡೆ ಇಳಿಯುವ ಮಾಡು) ಅಂತ ಕೊಟ್ಟರೆ, ನಡುವೆ ತೂತಿರುವ ಆಕಾರದ ಮೇಲೆ ಮಾಡು ಹೇಗೆ ಕೂರಿಸಬೇಕು ಅಂತ ಒಂದೊಂದು ಟೂಲ್ ಒಂದೊಂದು ಥರ ತೀರ್ಮಾನ ಮಾಡುತ್ತದೆ. ಕೆಲವು ಸುಮ್ನೆ ಸಪಾಟು ಮಾಡಿಬಿಡುತ್ತವೆ.

ಒಳ್ಳೇ ದಾರಿ ಅಂದರೆ ಹೊರಗಿನ ಮಲ್ಟಿಪಾಲಿಗನ್ ಹಾಗೇ ಇಟ್ಟುಕೊಂಡು, ನಾಲ್ಕು ಕಡೆಯ ಸಾಲನ್ನೂ ನಾಲ್ಕು ಬಿಲ್ಡಿಂಗ್:ಪಾರ್ಟ್ ಮಾಡುವುದು. ಪ್ರತಿಯೊಂದಕ್ಕೂ ಗೇಬಲ್ಡ್ ಮಾಡು (ಎರಡು ಕಡೆ ಇಳಿಯುವುದು) ಕೊಡಿ. ಮಾಡಿನ ಮೇಲ್ತುದಿಯ ಗೆರೆ ಹೇಗೂ ಉದ್ದದ ಬದಿಗೆ ಸಮವಾಗಿಯೇ ಬರುತ್ತದೆ. ಮೂಲೆಗಳಲ್ಲಿ ಮಾಡು ಸೇರುವ ಜಾಗ ಅಷ್ಟು ಚೊಕ್ಕಟ ಕಾಣಲ್ಲ, ಪರವಾಗಿಲ್ಲ. ಮುಂದಿನ ಕೈಯಾಲೆಯ (ಜಗಲಿಯ) ಮಾಡು ಒಂದೇ ಕಡೆ ಇಳಿದಿದ್ದರೆ ಅದಕ್ಕೆ ಸ್ಕಿಲಿಯನ್ ಅನ್ನುವ ಆಕಾರ, ಜೊತೆಗೆ ರೂಫ್:ಡೈರೆಕ್ಷನ್ (ಮಾಡಿನ ದಿಕ್ಕು). ಮಾಡು ಯಾವ ಕಡೆಗೆ ಇಳಿಯುತ್ತದೋ ಆ ದಿಕ್ಕು ಹಾಕಬೇಕು, ಏರುವ ದಿಕ್ಕಲ್ಲ. ಮೇಲಿಂದ ನೋಡುವವರಿಗೆ ಇದು ತಿರುವುಮುರುವಾಗುವುದು ಬಹಳ ಸುಲಭ. ತಪ್ಪಾದರೆ ತ್ರೀಡಿಯಲ್ಲಿ ಮಳೆ ನೀರು ಸೀದಾ ಗೋಡೆಗೆ ಬಂದು ಬೀಳುವ ಹಾಗೆ ಕಾಣುತ್ತದೆ. ನಮ್ಮ ಕಡೆಯ ಯಾವ ಆಚಾರಿಯೂ ಕಟ್ಟದ ಮಾಡು ಅದು!

ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆ 1792ರಿಂದ 1794ರ ನಡುವೆ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು. ಎರಡು ಅಂತಸ್ತು, ಹೆಂಚಿನ ಮಾಡು, ಎದುರಿಗೆ ಮಂಟಪ. ತ್ರೀಡಿ ಕಲಿಯುವವರಿಗೆ ಇಂಥ ಕಟ್ಟಡ ಒಳ್ಳೇ ಶುರು. ಬಿಲ್ಡಿಂಗ್:ಲೆವೆಲ್ಸ್ ಅಂದರೆ ಮಾಡಿನೊಳಗಿನ ಅಟ್ಟ ಬಿಟ್ಟು ಅಂತಸ್ತುಗಳ ಲೆಕ್ಕ ಅನ್ನುವುದು ನೆನಪಿರಲಿ. ಅಟ್ಟಕ್ಕೆ ರೂಫ್:ಲೆವೆಲ್ಸ್ ಅಂತ ಬೇರೆ ಟ್ಯಾಗ್ ಇದೆ.

ಅಪ್‌ಲೋಡ್ ಆದಮೇಲೆ ನೋಡಲು

ಇಲ್ಲಿ ಮೂರು ಜಾಲತಾಣಗಳ ಹೆಸರು ಜಾಸ್ತಿ ಕೇಳಿಬರುತ್ತದೆ: ಎಫ್‌4 ಮ್ಯಾಪ್, ಓಎಸ್‌ಎಂ ಬಿಲ್ಡಿಂಗ್ಸ್, ಸ್ಟ್ರೀಟ್ಸ್ ಜಿಎಲ್. ಯಾವುದಕ್ಕೂ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಲಿಂಕ್ ಕಳಿಸಿದರೆ ಮನೆಯವರೂ ನೋಡಬಹುದು. ಆದರೆ ನೀವು ಸೇವ್ ಒತ್ತಿದ ಕೂಡಲೇ ಇವುಗಳಲ್ಲಿ ಕಾಣುತ್ತದೆ ಅಂತ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಪ್ರತಿಯೊಂದೂ ತನ್ನದೇ ವೇಳೆಗೆ ಡೇಟಾ ತಂದುಕೊಳ್ಳುತ್ತದೆ. ಬಹಳ ಜನ ಇಲ್ಲೇ ಎಡವುತ್ತಾರೆ: ತಿದ್ದಿದ್ದು ಕಾಣಲಿಲ್ಲ ಅಂತ ಮತ್ತೆ ತಿದ್ದುತ್ತಾರೆ, ಇನ್ನೊಮ್ಮೆ ಬೇರೆ ಥರ ತಿದ್ದುತ್ತಾರೆ, ಕೊನೆಗೆ ಮೂರೂ ಒಟ್ಟಿಗೆ ಕಾಣಿಸಿಕೊಂಡಾಗ ಯಾವುದು ಸರಿ ಅಂತ ಅವರಿಗೇ ಗೊತ್ತಾಗಲ್ಲ. ಮೊದಲ ತಿದ್ದುಪಡಿ ಸರಿ ಅಂತ ಜೆಓಎಸ್‌ಎಂನಲ್ಲಿ ನೋಡಿಕೊಂಡಿದ್ದರೆ ಸುಮ್ಮನೆ ಕಾಯಬಹುದಿತ್ತು, ಅಲ್ವಾ?

ಎಫ್‌4 ಮ್ಯಾಪ್ ಫ್ರಾನ್ಸಿನದು. ಛಾವಣಿ ಆಕಾರ, ಬಣ್ಣ, ಮರಗಳು ಎಲ್ಲಾ ತೋರಿಸುತ್ತದೆ, ಬಿಸಿಲು ನೆರಳೂ ಇದೆ. ಪದ್ಧತಿಯನ್ನು ಚೆನ್ನಾಗಿ ಪಾಲಿಸುವುದರಿಂದ, ಅಪ್‌ಲೋಡ್ ಆದ ಟ್ಯಾಗ್ ಸರಿ ಇದೆಯಾ ಅಂತ ನೋಡಲು ಇದು ನಂಬಬಹುದಾದ ಜಾಗ. ಓಎಸ್‌ಎಂ ಬಿಲ್ಡಿಂಗ್ಸ್ ಹಗುರ, ಹಳೆಯ ಕಂಪ್ಯೂಟರ್‌ನಲ್ಲೂ ತೆರೆದುಕೊಳ್ಳುತ್ತದೆ. ಆದರೆ ನೆಲವನ್ನು ಸಪಾಟಾಗಿ ತೋರಿಸುತ್ತದೆ. ಬೇಗ ಒಮ್ಮೆ ಕಣ್ಣಾಡಿಸಲು ಸಾಕು, ಅದಕ್ಕಿಂತ ಹೆಚ್ಚಿಗೆ ಬೇಡ.

ಸ್ಟ್ರೀಟ್ಸ್ ಜಿಎಲ್ ಕೊಡಗಿನವರು ಒಮ್ಮೆಯಾದರೂ ತೆರೆದು ನೋಡಬೇಕಾದದ್ದು, ಯಾಕಂದರೆ ಅದರಲ್ಲಿ ನೆಲಕ್ಕೂ ಏರಿಳಿತ ಇದೆ. ಬೆಟ್ಟ ಬೆಟ್ಟವಾಗಿಯೇ ಕಾಣುತ್ತದೆ, ಊರು ಇಳಿಜಾರಿನ ಮೇಲೆ ಕೂತಂತೆ ಕಾಣುತ್ತದೆ. ಮಡಿಕೇರಿಯನ್ನು ಸಪಾಟು ನೆಲದ ಮೇಲೆ ನೋಡಿ ಅಭ್ಯಾಸ ಆದ ಕಣ್ಣಿಗೆ ಇದು ಬೇರೆ ಊರೇ ಅನ್ನಿಸುತ್ತದೆ. ತಡಿಯಂಡಮೋಳ್ 1,748 ಮೀಟರ್, ಕೊಡಗಿನ ಅತಿ ಎತ್ತರದ ಬೆಟ್ಟ, ಅದರ ಬುಡದ ಮನೆಗಳನ್ನು ಬೆಟ್ಟವೇ ಇಲ್ಲದ ನಕ್ಷೆಯಲ್ಲಿ ನೋಡಿ ಏನು ಪ್ರಯೋಜನ? ಇದಕ್ಕೆ ಸ್ವಲ್ಪ ಗಟ್ಟಿ ಗ್ರಾಫಿಕ್ಸ್ ಇರುವ ಕಂಪ್ಯೂಟರ್ ಬೇಕು, ಸಾಮಾನ್ಯ ಮೊಬೈಲಿಗೆ ಭಾರ.

ಆದರೂ ಒಂದು ಎಚ್ಚರ. ಓಪನ್‌ಸ್ಟ್ರೀಟ್‌ಮ್ಯಾಪ್ ನೆಲದ ಏರಿಳಿತವನ್ನು ತಾನು ಇಟ್ಟುಕೊಂಡಿಲ್ಲ. ಬೆಟ್ಟ ತೋರಿಸುವ ಯಾವ ಟೂಲ್ ಆದರೂ ಆ ಎತ್ತರವನ್ನು ಬೇರೆ ಕಡೆಯಿಂದ ತರಬೇಕು. ಇಂಥ ಕೆಲಸಕ್ಕೆ ಬಹಳ ಕಡೆ ಬಳಕೆಯಾಗುವುದು 2000ದಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದ ಡೇಟಾ, ಅದರಲ್ಲಿ ಸುಮಾರು 30 ಮೀಟರಿಗೊಂದು ಅಳತೆ. ನಮ್ಮಲ್ಲಿ ಮನೆ ಕಟ್ಟುವಾಗ ಬರೆ (ಗುಡ್ಡದ ಕಡಿದಾದ ಬದಿ) ಕಡಿದು ತಟ್ಟು (ಸಪಾಟು ಜಾಗ) ಮಾಡುತ್ತಾರೆ, ಆ ತಟ್ಟು ಅಷ್ಟು ದೊಡ್ಡದಿರಲ್ಲ. ಹಾಗಾಗಿ ಮನೆ ಹಿಂದೆ ನೆಟ್ಟಗೆ ನಿಂತ ಬರೆ ಈ ಟೂಲ್‌ಗಳಲ್ಲಿ ನಯವಾದ ಇಳಿಜಾರಿನಂತೆ ಕಾಣುತ್ತದೆ. 2018ರ ಆಗಸ್ಟ್‌ನ ಭೂಕುಸಿತ ನೋಡಿದ ನಮಗೆ ಬರೆ ಎಲ್ಲಿದೆ ಅನ್ನುವುದು ಬಹಳ ಮುಖ್ಯ, ಅದಕ್ಕೇ ಹೇಳುತ್ತಿದ್ದೇನೆ: ತ್ರೀಡಿಯಲ್ಲಿ ಇಳಿಜಾರು ಕಮ್ಮಿ ಕಂಡಿತು ಅಂತ ಆ ಜಾಗ ಭದ್ರ ಅಂತ ಯಾರೂ ತೀರ್ಮಾನ ಮಾಡಬಾರದು. ಈ ಟೂಲ್‌ಗಳು ಅದಕ್ಕಾಗಿ ಇರುವುದಲ್ಲ. ಬರೆ ಕಡಿದ ಜಾಗವನ್ನೇ ನಕ್ಷೆಯಲ್ಲಿ ಗುರುತಿಸಬೇಕಾದರೆ ಮ್ಯಾನ್_ಮೇಡ್ ಎಂಬ್ಯಾಂಕ್‌ಮೆಂಟ್, ತಡೆಗೋಡೆಗೆ ಬ್ಯಾರಿಯರ್ ರಿಟೇನಿಂಗ್_ವಾಲ್ ಅಂತ ಟ್ಯಾಗ್‌ಗಳಿವೆ, ಅವನ್ನು ಸೇರಿಸಿ.

ಇಳಿಜಾರಿನ ಮನೆಗೆ ಎತ್ತರ ಎಲ್ಲಿಂದ ಅಳೆಯಬೇಕು ಅನ್ನುವ ಗೊಂದಲ ಎಲ್ಲರಿಗೂ ಬರುತ್ತದೆ. ಕಟ್ಟಡ ನೆಲ ಮುಟ್ಟುವ ಅತಿ ತಗ್ಗಿನ ಜಾಗದಿಂದ ಮಾಡಿನ ತುದಿವರೆಗೆ. ಅಂದರೆ ರಸ್ತೆಯಿಂದ ಒಂದು ಅಂತಸ್ತು ಕಂಡರೂ ಹಿಂದೆ ಮೂರು ಇದ್ದರೆ ಮೂರು ಅಂತಲೇ ಹಾಕಿ. ಸಪಾಟು ನೆಲದ ಟೂಲ್‌ನಲ್ಲಿ ಆ ಮನೆ ರಸ್ತೆ ಪಕ್ಕ ವಿಪರೀತ ಎತ್ತರ ಕಾಣುತ್ತದೆ, ಅದನ್ನು ನೋಡಿ ಒಂದಕ್ಕೆ ಇಳಿಸಬೇಡಿ. ಒಂದು ಟೂಲ್‌ನಲ್ಲಿ ಚೆಂದ ಕಾಣಲಿ ಅಂತ ಡೇಟಾ ಬಗ್ಗಿಸಿದರೆ ಅದೇ ಡೇಟಾ ಬಳಸುವ ಉಳಿದವರಿಗೆಲ್ಲಾ ಸುಳ್ಳು ಹೇಳಿದ ಹಾಗೆ. ಇದೊಂದು ವಿಷಯದಲ್ಲಿ ರಾಜಿ ಬೇಡ.

ಹಾಗಾದರೆ ಯಾವುದು ತೆಗೆದುಕೊಳ್ಳಬೇಕು

ಲ್ಯಾಪ್‌ಟಾಪ್ ಇದ್ದು, ದೇವಸ್ಥಾನ, ಐನ್‌ಮನೆ, ಅರಮನೆಯಂಥ ಕಟ್ಟಡಗಳ ಮೇಲೆ ಕೂರುವ ಮನಸ್ಸಿದ್ದರೆ ಜೆಓಎಸ್‌ಎಂ ಜೊತೆ ತ್ರೀಡಿ ಪ್ಲಗಿನ್, ಎರಡು ಮಾತಿಲ್ಲ. ಕಲಿಯಲು ಮೊದಮೊದಲು ಬೇಜಾರಾಗುತ್ತದೆ, ಆಮೇಲೆ ಬೇರೆ ಯಾವುದೂ ಕೈಗೆ ಹಿಡಿಸಲ್ಲ. ಬ್ರೌಸರ್ ಬಿಟ್ಟು ಬರಲ್ಲ ಅನ್ನುವವರು ರಾಪಿಡ್ ಬಳಸಿ, ಆದರೆ ಅಂತಸ್ತು, ಎತ್ತರಕ್ಕಷ್ಟೇ ನಿಲ್ಲಿಸಿ. ಪಾರ್ಟ್‌ಗಳಿಗೆ, ಗುಮ್ಮಟಕ್ಕೆ ಕೈ ಹಾಕಬೇಡಿ.

ಮೊಬೈಲ್ ಮಾತ್ರ ಇರುವವರು ಪ್ರಿವ್ಯೂ ಚಿಂತೆ ಬಿಟ್ಟು ಮಾಹಿತಿ ಸೇರಿಸುವುದರ ಕಡೆ ಗಮನ ಕೊಡಿ. ಸ್ಟ್ರೀಟ್‌ಕಂಪ್ಲೀಟ್ ಅಂತ ಆಂಡ್ರಾಯ್ಡ್ ಆ್ಯಪ್ ಇದೆ. ಕಟ್ಟಡದ ಎದುರು ನಿಂತರೆ ಎಷ್ಟು ಅಂತಸ್ತು, ಮಾಡಿನ ಆಕಾರ ಯಾವುದು ಅಂತ ಚಿತ್ರ ತೋರಿಸಿ ಕೇಳುತ್ತದೆ. ನಿಜ ಹೇಳಬೇಕೆಂದರೆ ಮನೆ ಮುಂದೆ ನಿಂತು ನೋಡಿದವರ ಉತ್ತರದಷ್ಟು ಬೆಲೆ ಬೇರೆ ಯಾವುದಕ್ಕೂ ಇಲ್ಲ, ಅದರಲ್ಲೂ ಮೇಲಿಂದ ಮರ ಮುಚ್ಚಿರುವ ನಮ್ಮ ಊರಿನಲ್ಲಿ. ಖಾಸಗಿ ತೋಟದೊಳಗಿನ ಮನೆ ಆದರೆ ಮನೆಯವರನ್ನು ಕೇಳಿಯೇ ಹೋಗಿ.

ಎತ್ತರವನ್ನು ಗೂಗಲ್ ನಕ್ಷೆಯ ತ್ರೀಡಿಯಿಂದ ನೋಡಿ ಬರೆಯುವುದು ಬೇಡ, ಅಲ್ಲಿಂದ ನಕಲು ಮಾಡಲು ಅನುಮತಿ ಇಲ್ಲ. ಅಳೆಯಲು ಆಗದಿದ್ದರೆ ಹೈಟ್ ಬಿಟ್ಟು ಅಂತಸ್ತು ಮಾತ್ರ ಹಾಕಿ, ಟೂಲ್‌ಗಳು ಅಂತಸ್ತಿಗೆ ಸುಮಾರು 3 ಮೀಟರ್ ಅಂತ ತಾವೇ ಲೆಕ್ಕ ಹಾಕಿಕೊಳ್ಳುತ್ತವೆ. ಊಹೆಯ 8.5ಕ್ಕಿಂತ ಎಣಿಸಿದ 2 ಒಳ್ಳೇದು.

ಅಪ್‌ಲೋಡ್ ಮಾಡುವಾಗ ಬರೆಯುವ ಟಿಪ್ಪಣಿಯಲ್ಲಿ ಮಾಡಿನ ಆಕಾರ ಎಲ್ಲಿಂದ ಗೊತ್ತಾಯಿತು ಅಂತ ಒಂದು ಸಾಲು ಬರೆಯಿರಿ. ಸ್ಥಳದಲ್ಲಿ ನೋಡಿದ್ದೋ, ಉಪಗ್ರಹ ಚಿತ್ರದಿಂದಲೋ ಅಂತ. ಕನ್ನಡದಲ್ಲೇ ಬರೆದರೂ ತೊಂದರೆ ಇಲ್ಲ. ನಾಳೆ ಬೇರೆ ಯಾರಾದರೂ ಅದೇ ಮನೆಯನ್ನು ತ್ರೀಡಿಯಲ್ಲಿ ನೋಡಿ ಏನೋ ಸರಿ ಇಲ್ಲ ಅನ್ನಿಸಿದರೆ, ತಿದ್ದಬೇಕೋ ಬೇಡವೋ ಅಂತ ತೀರ್ಮಾನ ಮಾಡಲು ಅವರಿಗೆ ಸಿಗುವುದು ಆ ಒಂದು ಸಾಲು ಮಾತ್ರ.